ಕೊಡಗನ್ನ ಸ್ಕಾಟ್ಲೆಂಡ್ ಅನ್ನೋದು ಸಾಕು

ಲಾಂಗ್ ವೀಕೆಂಡ್ ಹತ್ತಿರ ಬಂತು ಅಂದ್ರೆ ಸಾಕು, ಹೋಂಸ್ಟೇ ಜಾಹೀರಾತುಗಳಲ್ಲಿ ಅದೇ ಹಳೇ ಸಾಲು: 'ಭಾರತದ ಸ್ಕಾಟ್ಲೆಂಡಿಗೆ ಸ್ವಾಗತ'. ಈ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತೆ. ಇದು ಕೊಡಗಿಗೂ ಅವಮಾನ, ಸ್ಕಾಟ್ಲೆಂಡಿಗೂ ಅವಮಾನ.

ಮೊದಲು ಲೆಕ್ಕಕ್ಕೆ ಬನ್ನಿ. ಸ್ಕಾಟ್ಲೆಂಡಿನ, ಅಷ್ಟೇ ಯಾಕೆ, ಇಡೀ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ 1,345 ಮೀಟರ್. ನಮ್ಮ ತಡಿಯಂಡಮೋಳ್ 1,748 ಮೀಟರ್. ಎತ್ತರ ನೋಡಿ ಹೆಸರಿಡೋದಾದ್ರೆ ಅವರೇ ತಮ್ಮ ಹೈಲ್ಯಾಂಡ್ಸನ್ನ 'ಬ್ರಿಟನ್ನಿನ ಕೊಡಗು' ಅನ್ನಬೇಕಿತ್ತು. ಇಲ್ಲಿ ಬೆಟ್ಟದ ತುಂಬಾ ಮರ, ಮರದ ನೆರಳಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸು. ಅಲ್ಲಿ ಮೈಲಿಗಟ್ಟಲೆ ಬೋಳುಗುಡ್ಡ. ಹೋಲಿಕೆ ಏನಿದ್ದರೂ ಮಂಜು, ಮಳೆ ಅಷ್ಟೇ.

ಆ ಗುಡ್ಡಗಳ ಮರ ಕಡಿದದ್ದು, ಹವೆ ಬದಲಾದದ್ದು ಬಹಳ ಹಳೆಯ ಕಥೆ. ಮತ್ತೆ ಚಿಗುರದಂತೆ ಮೇಯ್ದದ್ದು ಕುರಿ, ಜಿಂಕೆ. ಆದರೆ ಕಣಿವೆಗಳಲ್ಲಿ ಜನ ಯಾಕಿಲ್ಲ? 1746ರಲ್ಲಿ ಕಲೋಡನ್ ಮೈದಾನದಲ್ಲಿ ಜಾಕೊಬೈಟ್ ಸೈನ್ಯ ಒಂದು ಗಂಟೆಯೊಳಗೆ ಸೋತಿತು. ಸೋತ ಮೇಲೆ ಹೈಲ್ಯಾಂಡಿನ ಉಡುಪಿಗೆ ನಿಷೇಧ ಬಂತು, ಕುಲದ ಯಜಮಾನರ ನ್ಯಾಯಾಧಿಕಾರ ಹೋಯಿತು. ತಮ್ಮವರನ್ನು ಕಾಯಬೇಕಿದ್ದ ಯಜಮಾನರು ಬರೀ ಜಮೀನ್ದಾರರಾದರು. ಗೇಣಿದಾರರಿಗಿಂತ ಕುರಿಯೇ ಲಾಭ ಅಂತ ಲೆಕ್ಕ ಹಾಕಿದರು. 1814ರಲ್ಲಿ ಸದರ್ಲೆಂಡ್ ಎಸ್ಟೇಟಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮನೆಗಳಿಗೆ ಬೆಂಕಿ ಬಿತ್ತು. ಅದರ ಹೊಣೆ ಹೊತ್ತ ಪ್ಯಾಟ್ರಿಕ್ ಸೆಲ್ಲರ್ ಎಂಬ ಎಸ್ಟೇಟ್ ಅಧಿಕಾರಿ 1816ರಲ್ಲಿ ವಿಚಾರಣೆ ಎದುರಿಸಿ ನಿರ್ದೋಷಿ ಅಂತ ಹೊರಬಂದ. ಒಕ್ಕಲೆದ್ದ ಜನ ಕಡಲತೀರಕ್ಕೋ ಕೆನಡಾಕ್ಕೋ ಹೋದರು. ಆರೇ ವರ್ಷ ಕಳೆದು, 1822ರಲ್ಲಿ, ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದಾಗ ಕಿಲ್ಟ್ ಉಟ್ಟು ಮೆರೆದ! ಆ ಮೆರವಣಿಗೆಯ ಏರ್ಪಾಟು ಕಾದಂಬರಿಕಾರ ವಾಲ್ಟರ್ ಸ್ಕಾಟ್‌ದು. ಜನರನ್ನ ಓಡಿಸೋದು, ಅವರ ಬಟ್ಟೆಯನ್ನ ಫ್ಯಾಶನ್ ಮಾಡಿಕೊಳ್ಳೋದು, ಎರಡೂ ಒಂದೇ ಕಾಲದಲ್ಲಿ ನಡೆದವು.

ಹಾಗಂತ 'ಅಯ್ಯೋ ಬಡಪಾಯಿಗಳು' ಅಂತ ಪೂರ್ತಿ ಕರಗಬೇಡಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನೇ. ಹೈಲ್ಯಾಂಡ್ ರೆಜಿಮೆಂಟುಗಳೂ ಆ ದಾಳಿಯಲ್ಲಿದ್ದವು. ಅದರ ನಂತರ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿದ, ಶಾಸನ, ಕೈಫಿಯತ್ತು ಕೂಡಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಲೂಯಿಸ್ ದ್ವೀಪದಲ್ಲಿ. ನಮ್ಮ ನೆಲಕ್ಕೂ ಸ್ಕಾಟ್ಲೆಂಡಿಗೂ ನಿಜವಾದ ನಂಟು ಅಂದರೆ ಇದು. ಬ್ರೋಷರಿನಲ್ಲಿ ಇದನ್ನ ಯಾರೂ ಹಾಕಲ್ಲ.

'ಹೋಗ್ಲಿ ಬಿಡಿ ಸಾರ್, ಒಂದು ಹೆಸರು ತಾನೆ?' ಅಂತೀರಿ. ಹೆಸರು ಕಣ್ಣನ್ನ ಪಳಗಿಸುತ್ತೆ. 'ಜನವೇ ಇಲ್ಲ, ಎಷ್ಟು ಚೆಂದ!' ಅನ್ನೋದನ್ನ ಕಲಿಸುತ್ತೆ. ಅಲ್ಲಿ ಜನವಿಲ್ಲದ್ದು ಒಕ್ಕಲೆಬ್ಬಿಸಿದ್ದರಿಂದ ಅನ್ನೋದನ್ನ ಮುಚ್ಚಿಡುತ್ತೆ. ಇಲ್ಲೂ ಹಾಗೇ. ನಾಗರಹೊಳೆಯ ಕಾಡಿನಿಂದ ಜೇನುಕುರುಬರನ್ನ ಹೊರಹಾಕಿದ ಕಥೆ ಅರ್ಧ ಶತಮಾನದಿಂದ ಮುಗಿದಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲುಗಳನ್ನ ಕೆಡವಿದರು. ಅದೇ ತಿಂಗಳು ಕ್ರಿಸ್‌ಮಸ್ ರಜೆಗೆ ಕೊಡಗಿನತ್ತ ಕಾರುಗಳು ಸಾಲಾಗಿ ಹೋದವು, ಪ್ರತಿ ವರ್ಷದ ಹಾಗೆ.

ಕೊಡಗಿಗೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಹೋಗಿ, ಪಂದಿಕರಿ ಕಡಂಬಿಟ್ಟು ತಿನ್ನಿ, ತಡಿಯಂಡಮೋಳ್ ಹತ್ತಿ. ಆದರೆ ರೂಮ್ ಬುಕ್ ಮಾಡುವಾಗ ಒಂದು ಪ್ರಶ್ನೆ ಕೇಳಿ: ಈ ತೋಟದಲ್ಲಿ ಕೆಲಸ ಮಾಡೋರು ಎಲ್ಲಿ ಮಲಗ್ತಾರೆ? ಸ್ಟ್ರಾತ್‌ನೇವರ್‌ನವರ ಪರವಾಗಿ ಆ ಕಾಲದಲ್ಲಿ ಇಂಥ ಪ್ರಶ್ನೆ ಕೇಳಿದವರು ತೀರಾ ಕಡಿಮೆ. ಇಲ್ಲಿ ಕೇಳೋಕೆ ನಮಗಿನ್ನೂ ಸಮಯವಿದೆ.