ಮೇಲೆ ಕೆಂಡ, ಕೆಳಗೆ ಕೆಂಡ

ಈ ತಿಂಗಳ ಬರಹಕ್ಕೆ ಮೂಡುಬಿದಿರೆಯಲ್ಲಿರುವ ನನ್ನ ಮಗಳ ಅಡುಗೆಮನೆಯೇ ಮೂಲ. ಕಳೆದ ಮಳೆಗಾಲದಲ್ಲಿ ಕೆಲವು ವಾರ ಅಲ್ಲಿದ್ದೆ. ತುಳುವರು ಆಟಿ ಎಂದು ಕರೆಯುವ ತಿಂಗಳು ಅದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಸುರಿಯುವ ಆ ಮಳೆಯಲ್ಲಿ ಅಂಗಳಕ್ಕಿಳಿಯುವುದೇ ಕಷ್ಟ. ಧಾರವಾಡದ ಕಡೆಯವನಾದ ನನಗೆ ಮಳೆಯೂ ಹೊಸತು, ತಿಂಡಿಗಳೂ ಹೊಸತು.

ಆಗಲೇ ಮೊಮ್ಮಗಳ ಹುಟ್ಟುಹಬ್ಬ ಬಂದಿತು. ಬೇಕರಿಯಿಂದ ಕೇಕು ತಂದಿದ್ದರು. ಅದರಲ್ಲಿ ಮೊಟ್ಟೆಯಿದೆಯೇ ಎಂದು ಕೇಳಿದೆ; ತಂದವರಿಗೆ ತಿಳಿಯದು. ಹಾಗಾದರೆ ಈ ಮನೆಯೊಳಗೆ ಅದು ಬೇಡ ಎಂದುಬಿಟ್ಟೆ. ಎಂಟು ವರ್ಷದ ಮಗು, ಗೆಳತಿಯರೆಲ್ಲ ಬಂದು ಕುಳಿತಿದ್ದಾರೆ! ಅವಳು ಮಾತಾಡದೆ ಎದ್ದು ಒಳಗೆ ಹೋದಳು. ಮನೆಯ ನಿಯಮವೇನೋ ಸರಿಯೇ. ಆದರೆ ನಾನು ಹೇಳಿದ ಹೊತ್ತು, ಹೇಳಿದ ಧ್ವನಿ ಸರಿಯಿರಲಿಲ್ಲ. ಮಠದಲ್ಲಿ ಓದುವಾಗ ನಮ್ಮ ಗುರುಗಳು ಪಂಕ್ತಿಯಲ್ಲಿ ಕುಳಿತ ಹುಡುಗನನ್ನು ಎಲೆಯ ಮುಂದೆ ಎಂದೂ ಗದರಿದವರಲ್ಲ. ಪ್ರಸಾದ ಮುಗಿದ ಮೇಲೆ ಬಳಿಗೆ ಕರೆದು ಹೇಳುತ್ತಿದ್ದರು. ಅದು ನೆನಪಾಗಿ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಮರುದಿನ ಸಂಗತಿಯನ್ನು ಕೇಳಿದ ನೆರೆಮನೆಯ ಹಿರಿಯ ತಾಯಿ ನಕ್ಕರು. "ಅದಕ್ಕೆ ಯಾಕೆ ಇಷ್ಟು ಬೇಜಾರು? ಕೆಂಡದಡ್ಯೆ ಮಾಡುವ. ಅದೇ ನಮ್ಮ ಕೇಕು" ಎಂದರು.

ಅಡ್ಯೆ ಎಂದರೆ ತುಳುವಿನಲ್ಲಿ ಕಡುಬಿನಂಥ ತಿನಿಸು. ಆ ತಾಯಿ ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಯಿಸಿ, ನೀರು ಬಸಿದು, ಒಂದು ಲೋಟ ತೆಂಗಿನತುರಿ, ಒಂದು ಲೋಟ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪಿನೊಡನೆ ತರಿತರಿಯಾಗಿ ರುಬ್ಬಿದರು. ನೀರನ್ನು ಸೇರಿಸಲೇ ಇಲ್ಲವೆನ್ನಬೇಕು. ಮಳೆಗಾಲದ ಮುಳ್ಳುಸೌತೆಯ ತುರಿ ಬಿಡುವ ನೀರೇ ಸಾಕಾಯಿತು. ಹಿಟ್ಟು ಇಡ್ಲಿಯ ಹಿಟ್ಟಿಗಿಂತ ತೆಳುವಾಗಬಾರದು. ದಪ್ಪ ತಳದ ಪಾತ್ರೆಗೆ ಬಾಡಿಸಿದ ಬಾಳೆಲೆ ಹಾಸಿ, ತುಪ್ಪ ಸವರಿ, ಹಿಟ್ಟು ಸುರಿದು, ಮೇಲೊಂದು ಎಲೆ ಮುಚ್ಚಿ, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಹರಡಿದರು. ಕೆಳಗೆ ಕೆಂಡ ಕಡಿಮೆ, ಮೇಲೆ ಹೆಚ್ಚು. ಬೆಲ್ಲ ಬೇಗ ತಳಹಿಡಿಯುವುದರಿಂದ ಈ ಲೆಕ್ಕ. ಮುಕ್ಕಾಲು ಗಂಟೆಯ ಬಳಿಕ ತೆಂಗಿನಗರಿಯ ಕಡ್ಡಿ ಚುಚ್ಚಿ ನೋಡಿದಾಗ ಹಿಟ್ಟು ಅಂಟಲಿಲ್ಲ. ಪೂರ್ತಿ ಆರಿದ ಮೇಲೆಯೇ ಕೊಯ್ಯಬೇಕು, ಬಿಸಿಯಿರುವಾಗ ಕೊಯ್ದರೆ ಮುದ್ದೆಯಾಗುತ್ತದೆ. ಕೆಂಡದ ಕೆಲಸವನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತ್ರ ಮಾಡಲಾಗದು. ಆ ಹೊಗೆ ಕಣ್ಣಿಗೆ ಕಾಣದೆಯೂ ಪ್ರಾಣಕ್ಕೆ ಅಪಾಯ.

ಇದನ್ನು ನೋಡುತ್ತಿದ್ದಾಗ ನನಗೆ ಮೂರನೆಯ ಮಂಗರಸನ 'ಸೂಪಶಾಸ್ತ್ರ' ನೆನಪಾಯಿತು. 16ನೆಯ ಶತಮಾನದ ಈ ಜೈನಕವಿ ಷಟ್ಪದಿಯಲ್ಲಿ ಪಾಕಗಳನ್ನು ಹೇಳುತ್ತ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ಮುಚ್ಚಳರೊಟ್ಟಿಯನ್ನೂ ಹೇಳಿದ್ದಾನೆ. ನಮ್ಮ ವೀರಶೈವ ಅರಸನಾದ ಕೆಳದಿಯ ಬಸವಪ್ಪ ನಾಯಕನ 'ಶಿವತತ್ತ್ವರತ್ನಾಕರ'ದಲ್ಲಿಯೂ ಪಾಕಶಾಸ್ತ್ರಕ್ಕೆ ಸ್ಥಾನವಿದೆ. ಸಂಸ್ಕೃತದ ಆ ಮಹಾಕೋಶವನ್ನು ಮಠದಲ್ಲಿ ಓದುವಾಗ ನಾವು ಅಡುಗೆಯ ಭಾಗವನ್ನು ದಾಟಿಸಿಬಿಡುತ್ತಿದ್ದೆವು. ಹಸಿದ ಹುಡುಗರಿಗೆ ಅದನ್ನು ಓದುವುದು ಶಿಕ್ಷೆಯೇ ಆಗಿತ್ತೆನ್ನಿ!

ಆಟಿಯಲ್ಲಿ ಇನ್ನೂ ಹಲವು ತಿನಿಸುಗಳಿವೆ. ಕೆಸುವಿನೆಲೆಯ ಪತ್ರೊಡೆ, ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯುವ ಕಡುಬು, ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ನಾಗರಪಂಚಮಿಯ ಅರಿಸಿನ ಎಲೆಯ ಕಡುಬು. ಅಕ್ಕಿಹಿಟ್ಟನ್ನು ಎಲೆಗೆ ಸವರಿ, ಕಾಯಿಬೆಲ್ಲದ ಹೂರಣವಿಟ್ಟು, ಮಡಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಎಲೆಯನ್ನು ಬಿಡಿಸಿದೊಡನೆ ಮನೆಯೆಲ್ಲ ಪರಿಮಳ. ಅರಿಸಿನದ ಹಸಿರೆಲೆ ದೊರೆಯುವುದು ಮಳೆಗಾಲದಲ್ಲಿ. ಆಮೇಲೆ ಗಿಡ ಒಣಗುತ್ತದೆ, ಗಡ್ಡೆ ಮಾತ್ರ ಉಳಿಯುತ್ತದೆ. ನಮ್ಮ ಬಯಲುಸೀಮೆಯ ಪಂಚಮಿಗೆ ರೊಟ್ಟಿಹಬ್ಬ, ಅರಳು, ತಂಬಿಟ್ಟು, ಶೇಂಗಾ ಉಂಡಿ, ಎಳ್ಳುಂಡಿ.

ಪಟ್ಟಣದ ಮಾತೆಯರು ಕೆಂಡವೆಲ್ಲಿಂದ ತರಲಿ ಎಂದು ಕೇಳಬಹುದು. ದಪ್ಪ ಕುಕ್ಕರಿನೊಳಗೆ ಒಂದು ಅಂಗುಲ ಉಪ್ಪು ಹರಡಿ, ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ತೆಗೆದಿಟ್ಟು, ನೀರು ಹಾಕದೆ ಕಾಯಿಸಿ, ಉಪ್ಪಿನ ಮೇಲೆ ತಟ್ಟೆಯಿಟ್ಟು ಇದೇ ಹಿಟ್ಟನ್ನು ಸಣ್ಣ ಉರಿಯಲ್ಲಿ ಬೇಯಿಸಬಹುದು. ಮೇಲ್ಭಾಗ ಕೆಂಡದಲ್ಲಿ ಬೆಂದಷ್ಟು ಕೆಂಪಾಗದು, ರುಚಿಯೂ ಒಂದು ಕೈ ಕಡಿಮೆಯೇ. ಗೋದಿಹಿಟ್ಟಿನ ಕೇಕು ಬೇಕೆಂದರೆ ಮೊಸರು ಮತ್ತು ಅಡುಗೆಸೋಡಾ ಸೇರಿಸಿದರಾಯಿತು. ಮೊಸರಿನ ಹುಳಿಯೂ ಸೋಡಾವೂ ಕೂಡಿ ಹಿಟ್ಟನ್ನು ಉಬ್ಬಿಸುತ್ತವೆ, ಮೊಟ್ಟೆಯ ಅಗತ್ಯವೇ ಬೀಳದು.

ಅಂದು ಸಂಜೆ ಮಗಳು ಅದೇ ಗೆಳತಿಯರನ್ನು ಮತ್ತೆ ಕರೆದಳು. ಅಡ್ಯೆಯನ್ನು ಬಾಳೆಲೆಯ ಮೇಲೆ ಬೋರಲು ಹಾಕಿ ಮೊಮ್ಮಗಳ ಕೈಗೆ ಚಾಕು ಕೊಟ್ಟರು. ಅವಳು ಮೊದಲ ತುಂಡನ್ನು ಹಿಡಿದು ನೇರವಾಗಿ ನನ್ನ ಬಳಿ ಬಂದು, "ಅಜ್ಜಾ, ಇದರಾಗ ಮೊಟ್ಟಿ ಇಲ್ಲ. ನೀವೂ ತಿನ್ರಿ" ಎಂದಳು. ನಾನು ನಿನ್ನೆಯ ಮಾತಿಗೆ ಅವಳಲ್ಲಿ ಕ್ಷಮೆ ಕೇಳಿದೆ. ಅವಳಿಗೆ ಅದನ್ನು ಕೇಳುವ ಪುರುಸೊತ್ತಿರಲಿಲ್ಲ, ಗೆಳತಿಯರು ತಮ್ಮ ಪಾಲಿಗಾಗಿ ಕೂಗುತ್ತಿದ್ದರು.

ಪಂಚಮಿಯ ದಿನ ಮಗಳು ನೆರೆಮನೆಗೆ ಒಂದು ಡಬ್ಬಿ ತಂಬಿಟ್ಟು ಕಳಿಸಿದಳು. ಮರಳಿ ಬಂದ ಡಬ್ಬಿಯಲ್ಲಿ ಅರಿಸಿನ ಎಲೆಯ ಕಡುಬುಗಳಿದ್ದವು.