ಸಾಗರದಲ್ಲಿ ಅಕ್ಷರ ಎಷ್ಟು?

ಗಣಕ ವಿಜ್ಞಾನದ ಅಭ್ಯಾಸ ಪಾಠಗಳನ್ನು ವೀಕ್ಷಿಸುವಾಗ ನನಗೆ ಪದೇ ಪದೇ ಕಾಣುವ ಒಂದು ಸಂಗತಿಯಿದೆ. ಪ್ರೋಗ್ರಾಂ ದೋಷವಿಲ್ಲದೆ ಓಡಿತೆಂದರೆ ಪಾಠವೂ ಯಶಸ್ವಿಯಾಯಿತೆಂದು ಪ್ರಶಿಕ್ಷಣಾರ್ಥಿಗಳು ಭಾವಿಸುತ್ತಾರೆ. ಸ್ಟ್ರಿಂಗ್ ಪಾಠದ ಮಟ್ಟಿಗೆ ಈ ಭಾವನೆ ಸಲ್ಲದು ಎಂಬುದು ನನ್ನ ಅಭಿಪ್ರಾಯ.

ಸಿ ಶಾರ್ಪ್ ಭಾಷೆಗೆ 2005ರಲ್ಲಿ ಜೆನೆರಿಕ್ಸ್, 2007ರಲ್ಲಿ ಎಕ್ಸ್‌ಟೆನ್ಷನ್ ಮೆಥಡ್ ಬಂದವು. ಇವೆರಡನ್ನೂ ಬಳಸಿ, ಯಾವುದೇ ಸಂಗ್ರಹದಲ್ಲಿರುವ ಅಂಶಗಳನ್ನು ಎಣಿಸುವ ಮೆಥಡ್ ಬರೆದೆವು ಎನ್ನೋಣ. ಅಂಶದ ಟೈಪಿಗೆ ‘ಟಿ’ ಎಂದು ಹೆಸರು. ಅದು ಯಾವ ಟೈಪ್ ಎಂದು ನಾವು ಹೇಳುವುದಿಲ್ಲ. ಕಂಪೈಲರ್ ತಾನೇ ಊಹಿಸಿಕೊಳ್ಳುತ್ತದೆ. ಇದೇ ಟೈಪ್ ಇನ್ಫರೆನ್ಸ್. ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಪಟ್ಟಿ ಕೊಟ್ಟರೆ ಟಿ ಎಂದರೆ ಸ್ಟ್ರಿಂಗ್, ಉತ್ತರ 3. ಪಟ್ಟಿಯ ಬದಲು ‘ಸಾಗರ’ ಎಂಬ ಒಂದೇ ಸ್ಟ್ರಿಂಗ್ ಕೊಟ್ಟರೆ? ಉತ್ತರ 1 ಬರಬೇಕು, ಇಲ್ಲವೇ ದೋಷ ಕಾಣಿಸಬೇಕು ಎಂದು ಮಕ್ಕಳು ನಿರೀಕ್ಷಿಸುತ್ತಾರೆ. ಬರುವುದು 4. ಸ್ಟ್ರಿಂಗ್ ಎಂಬುದೂ ಚಾರ್‌ಗಳ ಸಂಗ್ರಹವೇ ಆದ್ದರಿಂದ ಕಂಪೈಲರ್ ಈ ಸಲ ಟಿ ಎಂದರೆ ಚಾರ್ ಎಂದು ತೀರ್ಮಾನಿಸುತ್ತದೆ. ಭಾಷೆಯ ನಿಯಮಕ್ಕೆ ಅದು ಸರಿ. ನಮ್ಮ ಉದ್ದೇಶಕ್ಕೆ ತಪ್ಪು.

ಚಾರ್‌ಗಳನ್ನೇ ಎಣಿಸಿದರೂ ಸಾಗರಕ್ಕೆ 3 ಬರಬೇಕಲ್ಲವೇ ಎಂದು ಕಾಗುಣಿತ ಕಲಿತ ಮಗು ಕೇಳುತ್ತದೆ. ನ್ಯಾಯವಾದ ಪ್ರಶ್ನೆ. ಯುನಿಕೋಡ್‌ನಲ್ಲಿ ಸ್ವರಚಿಹ್ನೆಗೂ ಹಲಂತಕ್ಕೂ ಪ್ರತ್ಯೇಕ ಸಂಕೇತಗಳಿವೆ. ‘ಸಾ’ ನಮಗೆ ಒಂದು ಅಕ್ಷರ, ಯಂತ್ರಕ್ಕೆ ಎರಡು ಸಂಕೇತ. ಹೊಸನಗರದ 5 ಅಕ್ಷರಗಳಿಗೆ ಸಾಮಾನ್ಯವಾಗಿ 6 ಸಂಕೇತಗಳಾದರೆ, ತೀರ್ಥಹಳ್ಳಿಯ 4 ಅಕ್ಷರಗಳಿಗೆ 10: ತ, ಈಕಾರ, ರ, ಹಲಂತ, ಥ, ಹ, ಳ, ಹಲಂತ, ಳ, ಇಕಾರ. ಬರೆಯುವಾಗ ಥಕಾರದ ನಂತರ ಬರುವ ಅರ್ಕಾವೊತ್ತು, ಸಂಕೇತಗಳ ಸಾಲಿನಲ್ಲಿ ಥಕಾರಕ್ಕಿಂತ ಮೊದಲೇ ‘ರ’ ಆಗಿ ಕುಳಿತಿರುತ್ತದೆ.

ಊರಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಕೊಟ್ಟರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅದಕ್ಕೇ ಕನ್ನಡದ ಉದಾಹರಣೆ ಬೇಕು. ಯಂತ್ರ ಹೇಳಿದ್ದೇ ಸರಿ ಎಂದು ಮುಂದೆ ಹೋದರೆ, ತನ್ನ ಎಣಿಕೆಯೇ ತಪ್ಪು, ಇಲ್ಲವೇ ಕನ್ನಡವೇ ಕಂಪ್ಯೂಟರಿಗೆ ಒಗ್ಗದ ಭಾಷೆ ಎಂದು ವಿದ್ಯಾರ್ಥಿ ತಿಳಿದಾನು. ಎರಡೂ ಸುಳ್ಳು. ಎಣಿಸಿದ ವಸ್ತುವೇ ಬೇರೆ ಎಂಬುದು ಅವನಿಗೆ ತಿಳಿಯಬೇಕು.

ಒಂದು ಅವಧಿಯಲ್ಲಿ ಇಷ್ಟೆಲ್ಲ ಸಾಧ್ಯವೇ ಎಂಬ ಆಕ್ಷೇಪವಿದೆ. ಎಲ್ಲವೂ ಬೇಕಿಲ್ಲ. ಕಪ್ಪುಹಲಗೆಯ ಮೇಲೆ ಮೂರು ಊರುಗಳ ಹೆಸರು ಬರೆದು, ಉತ್ತರವನ್ನು ಮೊದಲು ಊಹಿಸಲು ಹೇಳಿ, ಆಮೇಲೆ ಓಡಿಸಿ, ವ್ಯತ್ಯಾಸಕ್ಕೆ ಕಾರಣ ಕೇಳಿದರೆ ಹತ್ತು ನಿಮಿಷ ಸಾಕು. ಪೈಥಾನ್ ಕಲಿಸುವವರಿಗೂ ಇದು ಒದಗುತ್ತದೆ. ಅಲ್ಲಿಯೂ ‘ಸಾಗರ’ದ ಉದ್ದ 4. ಸಿ ಶಾರ್ಪ್‌ನಲ್ಲಾದರೆ ಪರಿಹಾರವನ್ನೂ ತೋರಿಸಬಹುದು: ‘ಟಿ’ಗಳ ಸಂಗ್ರಹ ಎನ್ನುವ ಬದಲು ಸ್ಟ್ರಿಂಗ್‌ಗಳ ಸಂಗ್ರಹ ಎಂದೇ ಮೆಥಡ್‌ನಲ್ಲಿ ಬರೆದರೆ, ಒಂಟಿ ಸ್ಟ್ರಿಂಗನ್ನು ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ.

ವೀಕ್ಷಕರಾದ ನಾವೂ ಬದಲಾಗಬೇಕು. ‘ಪ್ರೋಗ್ರಾಂ ಓಡಿತೇ?’ ಎಂಬುದರ ಜೊತೆಗೆ, ‘ಬಂದ ಉತ್ತರ ಯಾವುದರ ಎಣಿಕೆ ಎಂದು ವಿದ್ಯಾರ್ಥಿಗಳು ಹೇಳಬಲ್ಲರೇ?’ ಎಂಬುದನ್ನೂ ನಮ್ಮ ವೀಕ್ಷಣಾ ನಮೂನೆಯಲ್ಲಿ ಸೇರಿಸಿಕೊಳ್ಳೋಣ.