ವಯಸ್ಸಾದವರಿಗೆ ಪೂರ್ತಿ ವಿಶ್ರಾಂತಿ ಕೊಡುವುದು ಒಳ್ಳೆಯದೇ?

ಅಪ್ಪ-ಅಮ್ಮ ಜೀವನಪೂರ್ತಿ ದುಡಿದಿದ್ದಾರೆ, ಇನ್ನು ಅವರಿಂದ ಒಂದು ಲೋಟವನ್ನೂ ಎತ್ತಿಸಬೇಡಿ ಎನ್ನುವ ಧಾಟಿಯ ಫಾರ್ವರ್ಡ್‌ಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಭಾವನೆ ಒಳ್ಳೆಯದೇ. ಆದರೆ ದೇಹದ ಲೆಕ್ಕಾಚಾರ ಬೇರೆ.

ಸ್ವಾವಲಂಬನೆ ಸಾಮಾನ್ಯವಾಗಿ ಒಂದೇ ದಿನದಲ್ಲಿ ಹೋಗುವುದಿಲ್ಲ. ಹೆಚ್ಚಾಗಿ ಮೊದಲು ಕೈತಪ್ಪುವುದು ಬ್ಯಾಂಕ್ ವ್ಯವಹಾರ, ಒಬ್ಬರೇ ಬಸ್ಸಿನಲ್ಲಿ ಓಡಾಡುವುದು, ಮಾತ್ರೆಗಳ ಲೆಕ್ಕ ಇಡುವುದು ಇಂಥವು. ಆಮೇಲೆ ಮೂಲಭೂತ ಕೆಲಸಗಳು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಇವುಗಳಿಗೊಂದು ಅಳತೆಗೋಲು ಕೊಟ್ಟರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆ-ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕಷ್ಟವಾಗುವುದು ಸ್ನಾನ, ಕೊನೆಗೆ ಉಳಿಯುವುದು ಊಟ. ಮಗು ಕಲಿಯುವ ಕ್ರಮ ಇದರ ಉಲ್ಟಾ! ಸ್ನಾನವೇ ಯಾಕೆ ಮೊದಲು ಎಂದರೆ ಅದಕ್ಕೆ ಬಗ್ಗಬೇಕು, ಕೈ ಬೆನ್ನಿಗೆ ಎಟುಕಬೇಕು, ಒದ್ದೆ ನೆಲದಲ್ಲಿ ತೋಲ ತಪ್ಪಬಾರದು. ನಮ್ಮಲ್ಲಂತೂ ಬಕೆಟ್ ಎತ್ತಬೇಕು, ಗಿಡ್ಡ ಸ್ಟೂಲಿನಿಂದ ಏಳಬೇಕು.

ಇದಕ್ಕೆಲ್ಲ ಬೇಕಾದದ್ದು ಕಾಲಿನ ಶಕ್ತಿ. 2007ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಸರಾಸರಿ 67 ವರ್ಷದ 12 ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಅವರ ಕಾಲುಗಳ ಸ್ನಾಯುಭಾಗ ಸರಾಸರಿ ಸುಮಾರು ಒಂದು ಕಿಲೋ ಕರಗಿತ್ತು. ಮನೆಯಲ್ಲಿ ಕೂತಿರುವುದು ಇಷ್ಟು ತೀವ್ರವಲ್ಲ, ನಿಜ. ಆದರೆ ಬಳಸದ ಸ್ನಾಯು ಸೊರಗುತ್ತದೆ ಎಂಬ ನಿಯಮ ಅದೇ.

ಚಟುವಟಿಕೆಯಿಂದ ಲಾಭವಿದೆಯೇ? ಅಮೆರಿಕದಲ್ಲಿ 70ರಿಂದ 89 ವರ್ಷದ 1,635 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ 'ಲೈಫ್' ಪ್ರಯೋಗದಲ್ಲಿ, ಆರೋಗ್ಯದ ಪಾಠವಷ್ಟೇ ಕೇಳಿದವರಲ್ಲಿ 35.5% ಜನ 400 ಮೀಟರ್ ನಡೆಯುವ ಸಾಮರ್ಥ್ಯ ಕಳೆದುಕೊಂಡರು. ನಡಿಗೆ ಮತ್ತು ವ್ಯಾಯಾಮ ಮಾಡಿದವರಲ್ಲಿ ಅದು 30.1%. ಪವಾಡವೇನಲ್ಲ, ಆದರೂ ಲಾಭವೇ.

ನನ್ನ ಅನುಮಾನ ಇನ್ನೊಂದಿದೆ. ಅಜ್ಜಿ ಬೀನ್ಸ್ ಹೆಚ್ಚಲು ಅರ್ಧ ಗಂಟೆ ತೆಗೆದುಕೊಂಡರೆ ಚಾಕು ಕಿತ್ತುಕೊಳ್ಳುವುದು ಪ್ರೀತಿಗಿಂತ ನಮ್ಮ ಅವಸರಕ್ಕೆ. ಕಷ್ಟವಾಗುವ ಭಾಗಕ್ಕಷ್ಟೇ ಕೈ ಜೋಡಿಸಿ: ಬಕೆಟ್ ನೀವು ತುಂಬಿಸಿ, ಗೋಡೆಗೆ ಹಿಡಿಕೆ ಹಾಕಿಸಿ, ಸ್ನಾನ ಅವರೇ ಮಾಡಲಿ.

ಒಂದು ಎಚ್ಚರಿಕೆ. ಹೋದ ವಾರ ತಾವೇ ಸ್ನಾನ ಮಾಡುತ್ತಿದ್ದವರಿಗೆ ಈ ವಾರ ಏಳಲೂ ಆಗದಿದ್ದರೆ ಅದು ವಯಸ್ಸಲ್ಲ. ಸೋಂಕು, ಸೋಡಿಯಂ ಇಳಿಕೆ, ಹೊಸ ಮಾತ್ರೆ, ಪಾರ್ಶ್ವವಾಯು ಯಾವುದೂ ಆಗಿರಬಹುದು. ಅಂದೇ ವೈದ್ಯರಿಗೆ ತೋರಿಸಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.